ಔಷಧ ಪ್ಲಾಸ್ಮಾದಲ್ಲಿ ಎಷ್ಟು ಅಂಟುತ್ತದೆ: ಮಾಡೆಲ್ ಕಟ್ಟಿದ ನನ್ನ ಅನುಭವ

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ರಕ್ತ ಸೇರಿದ ಮೇಲೆ ಸುಮಾರು 99% ಪ್ಲಾಸ್ಮಾದ (ರಕ್ತದ ದ್ರವ ಭಾಗದ) ಪ್ರೋಟೀನ್‌ಗಳಿಗೆ, ಅದರಲ್ಲೂ ಆಲ್ಬುಮಿನ್‌ಗೆ, ಅಂಟಿಕೊಂಡಿರುತ್ತದೆ. ಅಂಟದೆ ಉಳಿದ ಬಿಡಿ ಭಾಗ ಮಾತ್ರ ಅಂಗಾಂಶಗಳಿಗೆ ಹೋಗಿ ಕೆಲಸ ಮಾಡುತ್ತದೆ. ಹೊಸ ಅಣುವಿನಲ್ಲಿ ಈ ಬಿಡಿ ಭಾಗ ಎಷ್ಟಿರಬಹುದು ಅಂತ ಅದರ ರಚನೆಯಿಂದಲೇ ಅಂದಾಜು ಮಾಡುವ ಕಂಪ್ಯೂಟರ್ ಮಾಡೆಲ್ ನನಗೆ ಬೇಕಿತ್ತು.

ಅಲ್ಗಾರಿದಮ್ ಆರಿಸುವ ಮೊದಲು, ಮಾಡೆಲ್‌ಗೆ ಯಾವ ಸಂಖ್ಯೆ ಕಲಿಸಬೇಕು ಅಂತ ಯೋಚಿಸಿದೆ. ಹೆಚ್ಚಿನ ಕೋಷ್ಟಕಗಳಲ್ಲಿ ಅಂಟಿದ ಶೇಕಡಾ ಇರುತ್ತದೆ. 99 ಮತ್ತು 99.5 ನೋಡೋಕೆ ಒಂದೇ ಥರ. ಆದರೆ ಬಿಡಿ ಭಾಗ 1% ಮತ್ತು 0.5%, ಅಂದರೆ ಎರಡು ಪಟ್ಟು ವ್ಯತ್ಯಾಸ! ಅದೇ 40 ಮತ್ತು 45 ಆದರೆ ಬಿಡಿ ಭಾಗ 60 ಮತ್ತು 55, ಅಷ್ಟೇನೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಶೇಕಡಾ ಕಲಿತ ಮಾಡೆಲ್ ಇದನ್ನು ತಿರುವುಮುರುವಾಗಿ ನೋಡುತ್ತದೆ. ಹಾಗಾಗಿ ಅಂಟಿದ ಭಾಗವನ್ನು ಬಿಡಿ ಭಾಗದಿಂದ ಭಾಗಿಸಿ, ಅದರ ಲಾಗ್ ತೆಗೆದು ಕಲಿಸಿದೆ. ಇಡೀ ಕೆಲಸದಲ್ಲಿ ಇದರಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ.

ಚೆಂಬಲ್ ಎಂಬ ಔಷಧ ಅಣುಗಳ ಸಾರ್ವಜನಿಕ ಡೇಟಾಬೇಸ್‌ನಿಂದ ತೆಗೆದ ಡೇಟಾ ಶುಚಿ ಮಾಡುವುದೇ ದೊಡ್ಡ ಕೆಲಸ. ಇಲಿಯ ಅಳತೆಗಳನ್ನು ಮನುಷ್ಯರದ್ದರಿಂದ ಬೇರೆ ಮಾಡಬೇಕು, ಔಷಧದ ಅಣುವಿನ ಜೊತೆ ಸೇರಿಸಿ ಬರೆದ ಲವಣದ ಭಾಗ ತೆಗೆಯಬೇಕು, ‘99ಕ್ಕಿಂತ ಜಾಸ್ತಿ’ ಅಂತ ಬರೆದದ್ದನ್ನು ಸುಮ್ನೆ 99 ಅಂತ ಓದಬಾರದು. ಒಂದೇ ಔಷಧಕ್ಕೆ ಎರಡು ಕಡೆಯ ಅಳತೆ ಹೊಂದುವುದೇ ಇಲ್ಲ. ಲ್ಯಾಬ್‌ನಲ್ಲಿ ಡಯಾಲಿಸಿಸ್ ಮಾಡಿ, ಅಂದರೆ ಬಿಡಿ ಔಷಧ ಮಾತ್ರ ದಾಟುವ ಪೊರೆ ಬಳಸಿ, ಅಳೆಯುವಾಗ ಜಿಡ್ಡಿನ ಗುಣದ ಔಷಧ ಪ್ಲಾಸ್ಟಿಕ್‌ಗೂ ಅಂಟುತ್ತದೆ. ಅಳತೆಗಳೇ ಎರಡು ಪಟ್ಟು ಆಚೀಚೆ ಇದ್ದಾಗ ಮಾಡೆಲ್‌ನಿಂದ ಅದಕ್ಕಿಂತ ನಿಖರತೆ ಕೇಳುವುದು ನ್ಯಾಯವಲ್ಲ.

ಅಣುವಿನ ಗುಣಗಳನ್ನು ಆರ್‌ಡಿಕಿಟ್ ಎಂಬ ರಸಾಯನಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಹಾಕಿದೆ. ರಕ್ತದ ಪಿಎಚ್ ಆದ 7.4ರಲ್ಲಿ ಅಣುವಿನ ವಿದ್ಯುದಂಶ ಏನು ಅನ್ನುವುದಕ್ಕೆ ಬೇರೆ ಸಾಫ್ಟ್‌ವೇರ್ ಬೇಕಾಯಿತು. ಅದನ್ನು ಬಿಡುವ ಹಾಗಿಲ್ಲ. ಆಮ್ಲೀಯ ಔಷಧಗಳು ಆಲ್ಬುಮಿನ್ ಹುಡುಕುತ್ತವೆ: ವಾರ್ಫರಿನ್ ಅದರ ಒಂದನೇ ತಾಣಕ್ಕೆ, ಐಬುಪ್ರೊಫೆನ್ ಎರಡನೇ ತಾಣಕ್ಕೆ. ಪ್ರತ್ಯಾಮ್ಲೀಯ ಔಷಧಗಳು ಆಲ್ಫಾ-1 ಆಸಿಡ್ ಗ್ಲೈಕೊಪ್ರೋಟೀನ್ ಎಂಬ ಇನ್ನೊಂದು ಪ್ಲಾಸ್ಮಾ ಪ್ರೋಟೀನ್‌ಗೂ ಅಂಟುತ್ತವೆ. ಮಾಡೆಲ್ ಆಗಿ ರ್‍ಯಾಂಡಮ್ ಫಾರೆಸ್ಟ್ (ಹಲವು ನಿರ್ಧಾರ-ಮರಗಳ ಉತ್ತರದ ಸರಾಸರಿ ತೆಗೆಯುವ ವಿಧಾನ) ಸಾಕಾಯಿತು. ನನ್ನ ಬಳಿ ಇದ್ದಷ್ಟು ಡೇಟಾಕ್ಕೆ ನ್ಯೂರಲ್ ನೆಟ್‌ವರ್ಕ್‌ನಿಂದ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ.

ಡಾಕಿಂಗ್, ಅಂದರೆ ಔಷಧ ಪ್ರೋಟೀನ್‌ನ ಗುಳಿಯಲ್ಲಿ ಹೇಗೆ ಕೂರುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಕೂರಿಸಿ ಅಂಕ ಕೊಡುವುದು, ಯಾಕೆ ಮಾಡಲಿಲ್ಲ ಅಂತ ಕೇಳುವವರಿದ್ದಾರೆ. ಮಾಡಿ ನೋಡಿದೆ. ಆಲ್ಬುಮಿನ್ ಮೆತ್ತನೆಯ ಪ್ರೋಟೀನ್, ಔಷಧ ಕೂರಬಲ್ಲ ಗುಳಿಗಳೂ ಹಲವು. ಡಾಕಿಂಗ್ ಅಂಕಕ್ಕೂ ಅಳತೆಗೂ ತಾಳೆಯಾಗಲಿಲ್ಲ. ಚಿತ್ರ ಮಾತ್ರ ಚೆನ್ನಾಗಿ ಬರುತ್ತದೆ, ಮೀಟಿಂಗ್‌ಗೆ ಆಗುತ್ತದೆ.

ಪರೀಕ್ಷೆಗೆ ಡೇಟಾ ಬೇರ್ಪಡಿಸುವಾಗ ಒಂದೇ ಚೌಕಟ್ಟಿನ (ಮೂಲ ರಚನೆ ಒಂದೇ ಆಗಿರುವ) ಅಣುಗಳನ್ನೆಲ್ಲ ಒಂದೇ ಕಡೆ ಇಟ್ಟೆ. ಹಾಗೇ ಕಲಸಿ ಹಂಚಿದರೆ ಅಣ್ಣ ಕಲಿಕೆಯಲ್ಲಿ, ತಮ್ಮ ಪರೀಕ್ಷೆಯಲ್ಲಿ ಇರುತ್ತಾನೆ. ಅಂಕ ಚೆನ್ನಾಗಿಯೇ ಬರುತ್ತದೆ, ಅಲ್ವಾ? ಹೊಸ ಚೌಕಟ್ಟು ಬಂದಾಗ ಅದು ನಿಲ್ಲುವುದಿಲ್ಲ.

ಈಗ ಪ್ರತಿ ಅಂದಾಜಿನ ಜೊತೆ, ಕಲಿತ ಡೇಟಾದಲ್ಲಿ ಅದಕ್ಕೆ ಹತ್ತಿರದ ಅಣು ಯಾವುದು ಅಂತಲೂ ಕೊಡುತ್ತೇನೆ. ಬಿಡಿ ಭಾಗ 1%ಕ್ಕಿಂತ ಕಡಿಮೆ ಬಂದರೆ ನೇರ ಡಯಾಲಿಸಿಸ್‌ಗೆ. ಪ್ರತ್ಯಾಮ್ಲೀಯ ಅಣುವಾದರೆ ಇನ್ನೊಂದು ಸಾಲು ಸೇರಿಸುತ್ತೇನೆ: ಉರಿಯೂತ ಇರುವವರಲ್ಲಿ ಆ ಗ್ಲೈಕೊಪ್ರೋಟೀನ್ ಏರುತ್ತದೆ, ಬಿಡಿ ಭಾಗ ಇಲ್ಲಿ ತೋರಿಸಿದ್ದಕ್ಕಿಂತ ಕಡಿಮೆ ಇರಬಹುದು.