ಸ್ಲೋ ಕುಕ್ಕರ್ ನಂಬಿಕೊಂಡು ವಿಮಾನ ಹತ್ತಬೇಡಿ

ಮೂರು ವಾರದ ರಜೆಗೆ ಬೆಂಗಳೂರಿಗೆ ಬಂದಿದ್ದೇನೆ. ಹನುಮಂತನಗರದಲ್ಲಿ ಅಮ್ಮನ ಮನೆ. ಮಹಡಿ ಮೇಲೆ ಬಾಡಿಗೆಗಿರುವವರ ಸೊಸೆ ಮುಂದಿನ ತಿಂಗಳು ಗಂಡನ ಜೊತೆ ಅಮೆರಿಕಕ್ಕೆ ಹೊರಟಿದ್ದಾಳೆ. ಮೊನ್ನೆ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಸಿಕ್ಕಳು. "ಅಕ್ಕಾ, ಅಲ್ಲಿ ಸ್ಲೋ ಕುಕ್ಕರ್ ಅಂತ ಕರೆಂಟಿನ ಪಾತ್ರೆ ಸಿಗುತ್ತಂತಲ್ಲಾ, ಬೆಳಿಗ್ಗೆ ಎಲ್ಲಾ ಹಾಕಿ ಕೆಲಸಕ್ಕೆ ಹೋದ್ರೆ ಸಂಜೆ ಬರೋ ಹೊತ್ತಿಗೆ ಸಾರು ಆಗಿರುತ್ತಂತೆ, ಹೌದಾ?" ಅಂತ ಕೇಳಿದಳು.

ಹದಿನಾಲ್ಕು ವರ್ಷದ ಹಿಂದೆ ನಾನೂ ಇದೇ ಮಾತು ನಂಬಿದ್ದೆ. ತಾರಸಿ ಮೇಲೆ ನಿಂತು ಹೇಳಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೂ ಆಯಿತು, ಸೂಟ್‌ಕೇಸ್ ಇಳಿಸಿಟ್ಟುಕೊಂಡು ಕೂತಿರುವ ನಿಮಗೂ ಆಯಿತು.

ಕಾಗದಪತ್ರದ ಕೆಲಸ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಸೋಷಿಯಲ್ ಸೆಕ್ಯೂರಿಟಿ ನಂಬರ್ (ಅಲ್ಲಿ ಸಂಬಳ, ತೆರಿಗೆಗೆ ಬೇಕಾಗುವ ಸಂಖ್ಯೆ), ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್. ಆಫೀಸಿನವರೇ ದಾರಿ ತೋರಿಸುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಪುಡಿ, ಚಟ್ನಿಪುಡಿ, ಹಪ್ಪಳ ಏನೇ ತಂದರೂ ಕಸ್ಟಮ್ಸ್‌ನಲ್ಲಿ ಮುಚ್ಚಿಡದೆ ಹೇಳಿ. ಹಸಿ ಕರಿಬೇವು ಮಾತ್ರ ಬೇಡ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಹುಳ ಅದರ ಜೊತೆ ಬರುತ್ತದೆ ಅಂತ ಒಳಗೆ ಬಿಡುವುದಿಲ್ಲ. ಇನ್ನು ಅಡುಗೆಮನೆಗೆ ಬರೋಣ.

ನಾವು ಇಳಿದದ್ದು ಮಿನ್ನೆಸೋಟಾದಲ್ಲಿ, ಜನವರಿ ತಿಂಗಳು. ಕಿಟಕಿ ತೆಗೆಯುವ ಮಾತೇ ಇಲ್ಲ. ಬಾಡಿಗೆ ಮನೆಯಲ್ಲಿ ಕರೆಂಟಿನ ಒಲೆ, ಅದರ ಎದುರಿಗೇ ಸೀಲಿಂಗಿನಲ್ಲಿ ಹೊಗೆ ಅಲಾರಂ. ಎರಡನೇ ದಿನವೇ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದೆ. ಅಲಾರಂ ಶುರುವಾಯಿತು. ಯಜಮಾನರು ಕುರ್ಚಿ ಹತ್ತಿ ಟವಲ್ ಬೀಸಿದರು. ಪಕ್ಕದ ಮನೆಯವರು ಬಾಗಿಲು ಬಡಿದರು. ಅವರು ಬಯ್ಯಲಿಲ್ಲ, "ಎಲ್ಲಾ ಸರಿ ಇದೆಯಾ" ಅಂತ ವಿಚಾರಿಸಿಕೊಂಡು ಹೋದರು ಅಷ್ಟೇ. ಆದರೂ ನನಗೆ ಜೀವ ಹಿಡಿಯಾಯಿತು. ಅವತ್ತಿಂದ ಒಗ್ಗರಣೆ ಅಂದರೆ ಭಯ. ಆಗ ಯಾರೋ ಸ್ಲೋ ಕುಕ್ಕರ್ ವಿಷಯ ಹೇಳಿದರು. ಹೊಗೆ ಇಲ್ಲ, ಸದ್ದಿಲ್ಲ, ಹತ್ತಿರ ನಿಲ್ಲುವ ಕೆಲಸವೂ ಇಲ್ಲ. ಮಾರನೇ ದಿನವೇ ಹೋಗಿ ತಂದೆ.

ತಂದದ್ದು 6 ಕ್ವಾರ್ಟಿನದು, ಅಂದರೆ ಹತ್ತಿರ ಹತ್ತಿರ 6 ಲೀಟರ್. ಮನೆಯಲ್ಲಿ ಇದ್ದದ್ದು ಇಬ್ಬರೇ. ಅದು ಅರ್ಧದಿಂದ ಮುಕ್ಕಾಲು ಭಾಗ ತುಂಬಿದ್ದರೆ ಮಾತ್ರ ಸರಿಯಾಗಿ ಬೇಯಿಸುತ್ತದೆ. ಕಾಲು ಭಾಗ ಹಾಕಿದರೆ ಅಂಚೆಲ್ಲಾ ಒಣಗಿ ಕಂದುಹೋಗುತ್ತದೆ. ಇಬ್ಬರೇ ಇದ್ದರೆ 3 ಕ್ವಾರ್ಟಿನದು ಸಾಕು.

ಮೊದಲು ಮಾಡಿದ್ದು ತೊಗರಿಬೇಳೆ ಸಾರು. ರೆಸಿಪಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿ ಅಂತಿತ್ತು. ಬೇಳೆ, ಟೊಮೆಟೊ, ಹುಣಸೆರಸ, ಸಾರಿನ ಪುಡಿ, ಉಪ್ಪು, ನೀರು ಎಲ್ಲಾ ಹಾಕಿ, 'ಲೋ'ಗೆ ತಿರುಗಿಸಿ ಆಫೀಸಿಗೆ ಹೋದೆ. ಎಂಟು ಗಂಟೆ ಬಿಟ್ಟು ಬಂದು ಮುಚ್ಚಳ ತೆಗೆದರೆ, ಮೇಲೆ ಕೆಂಪು ನೀರು, ಕೆಳಗೆ ಬೇಳೆ. ಒಂದು ಕಾಳು ಬೆರಳಲ್ಲಿ ಹಿಸುಕಿ ನೋಡಿದೆ. ಹೊರಗೆ ಮೆತ್ತಗೆ, ಒಳಗೆ ಗಟ್ಟಿ. ಪುಡಿಯ ಘಮ ಒಂದಿಷ್ಟೂ ಇಲ್ಲ, ಎಂಟು ಗಂಟೆ ಕಾದು ಕಾದು ಹಾರಿಹೋಗಿತ್ತು. ಇಂಗೂ ಇದ್ದೂ ಇಲ್ಲದ ಹಾಗೆ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಹುಳಿ ಮೊದಲೇ ಹಾಕಿದ್ರೆ ಬೇಳೆ ಎಲ್ಲಾದ್ರೂ ಬೇಯುತ್ತೇನೇ?" ಅಂದಳು.

ಅದು ನನಗೆ ಗೊತ್ತಿತ್ತು. ಹನ್ನೆರಡು ವರ್ಷದವಳಿದ್ದಾಗಿನಿಂದ ಗೊತ್ತಿತ್ತು. ಹುಳಿ ಬಿದ್ದರೆ ಬೇಳೆಯನ್ನು ಹಿಡಿದಿಟ್ಟುಕೊಂಡಿರುವ ಅಂಟು ಬಿಡುವುದಿಲ್ಲ, ಎಷ್ಟು ಹೊತ್ತು ಕಾಯಿಸಿದರೂ ಕರಗುವುದಿಲ್ಲ. ಅಚ್ಚಾಗಿದ್ದ ಹಾಳೆಯನ್ನು ನೋಡಿ, ಕೈಗೆ ಗೊತ್ತಿದ್ದನ್ನು ಬಿಟ್ಟೆನಲ್ಲಾ ಅನ್ನುವ ಸಂಕಟ ಇವತ್ತಿಗೂ ಇದೆ. ಹೊಸ ದೇಶಕ್ಕೆ ಹೋದ ಮೊದಲ ವರ್ಷ ಹೀಗೇ ಆಗುತ್ತದೆ. ಅಲ್ಲಿಯವರು ಹೇಳಿದ್ದೆಲ್ಲಾ ಸರಿ, ನಮಗೆ ತಿಳಿದದ್ದೆಲ್ಲಾ ಹಳೇದು ಅನ್ನಿಸಿಬಿಡುತ್ತದೆ. ಹುಷಾರಾಗಿರಿ.

ಆಮೇಲೆ ಬಿಸಿಬೇಳೆಬಾತ್. ಅಕ್ಕಿ ಅಂಟಾಗಿ, ಸೌಟು ನೆಟ್ಟಗೆ ನಿಲ್ಲುವ ಮುದ್ದೆ ಆಯಿತು. ಟೊಮೆಟೊ ಗೊಜ್ಜು ಗಟ್ಟಿಯಾಗಲೇ ಇಲ್ಲ. ಮುಚ್ಚಳದಿಂದ ಆವಿ ಹೊರಗೆ ಹೋಗುವುದಿಲ್ಲ, ಹಾಗಾಗಿ ಹಾಕಿದ ನೀರು ಹಾಗೇ ಇರುತ್ತದೆ. ಪಾಯಸದ ಹಾಲು ಒಡೆಯಿತು. ಇವಕ್ಕೆಲ್ಲಾ ಅಷ್ಟು ಬೇಜಾರಾಗಲಿಲ್ಲ. ಅವರೆಕಾಳಿನದು ಮಾತ್ರ ಮರೆಯಲು ಆಗಿಲ್ಲ. ಸಂಕ್ರಾಂತಿ ಹತ್ತಿರ ಬಂದಿತ್ತು. ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಅವರೆಕಾಳು ಸಿಕ್ಕಿತು. ರಾತ್ರಿ ನೆನೆಸಿ, ಬೆಳಿಗ್ಗೆ ಒಬ್ಬಳೇ ಕೂತು ಒಂದೊಂದೇ ಹಿಸುಕಿದೆ. ಮುಕ್ಕಾಲು ಗಂಟೆ ಆಯಿತು. ಆ ಹಿತಕಿದಬೇಳೆಯನ್ನು ತೆಗೆದುಕೊಂಡು ಹೋಗಿ ಆ ಪಾತ್ರೆಗೆ ಸುರಿದೆ. ಸಂಜೆಗೆ ಬೇಳೆ ಅನ್ನುವುದೇ ಇರಲಿಲ್ಲ, ಎಲ್ಲಾ ಬೆಂದು ಕರಗಿ ಗಂಜಿ. ಸೊಗಡೂ ಇಲ್ಲ. ಇಲ್ಲಿ ವಿ.ವಿ. ಪುರದ ಸಜ್ಜನ್‌ರಾವ್ ವೃತ್ತದ ಹತ್ತಿರ ಅವರೆಬೇಳೆ ಮೇಳ ನಡೆಯುತ್ತಿದ್ದ ಕಾಲ ಅದು. ಅಲ್ಲಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಹಿತಕಿದಬೇಳೆಗೆ ಹತ್ತು ನಿಮಿಷ ಒಲೆ ಸಾಕು. ದಯವಿಟ್ಟು ಅದನ್ನು ಬೇರೆ ಯಾವುದಕ್ಕೂ ಹಾಕಬೇಡಿ.

ಇನ್ನೊಂದು ವಿಷಯ ಬರೀ ರುಚಿಯದ್ದಲ್ಲ, ಆರೋಗ್ಯದ್ದು. ಗಮನ ಇಟ್ಟು ಓದಿ. ಒಣ ರಾಜ್ಮಾ ಕಾಳನ್ನು ನೇರವಾಗಿ ಸ್ಲೋ ಕುಕ್ಕರಿಗೆ ಹಾಕಲೇಬೇಡಿ. ಅದರಲ್ಲಿ ಒಂದು ವಿಷದ ಅಂಶ ಇದೆ. ಕೊತಕೊತ ಕುದಿಸಿದರೆ ಮಾತ್ರ ಅದು ಹೋಗುತ್ತದೆ. ಸ್ಲೋ ಕುಕ್ಕರ್ 'ಲೋ'ದಲ್ಲಿ ನಿಧಾನಕ್ಕೆ ಬಿಸಿಯಾಗುವಾಗ ಆ ವಿಷ ಹೋಗುವುದಿಲ್ಲ, ಅರೆಬೆಂದ ಕಾಳಿನಲ್ಲಿ ಹಸಿ ಕಾಳಿಗಿಂತ ಜಾಸ್ತಿಯೂ ಆಗಬಹುದು. ನಾಲ್ಕೈದು ಕಾಳು ತಿಂದರೂ ಸಾಕು, ವಾಂತಿ ಶುರುವಾಗುತ್ತದೆ. ನಮ್ಮ ಯಜಮಾನರು ಒಂದು ರಾತ್ರಿ ಪೂರ್ತಿ ಒದ್ದಾಡಿದರು. ನಾನು ಚಳಿ ಗಾಳಿ ಹಿಡಿಯಿತು ಅಂದುಕೊಂಡಿದ್ದೆ. ಕಾಳನ್ನು ಐದು ಗಂಟೆಯಾದರೂ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಒಲೆ ಮೇಲೆ ಅರ್ಧ ಗಂಟೆ ಕುದಿಸಿ. ಆಮೇಲೆ ಎಲ್ಲಿ ಬೇಕಾದರೂ ಬೇಯಿಸಿ. ನಮ್ಮ ಪ್ರೆಶರ್ ಕುಕ್ಕರಿನಲ್ಲಿ ಶಾಖ 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಸ್ಲೋ ಕುಕ್ಕರ್ ನೂರನ್ನೂ ದಾಟುವುದಿಲ್ಲ. 'ಹೈ' ಇಟ್ಟರೂ ಅಷ್ಟೇ, ಬೇಗ ಅಲ್ಲಿಗೆ ಮುಟ್ಟುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಮಧ್ಯೆ ಮಧ್ಯೆ ಮುಚ್ಚಳ ತೆಗೆದು ನೋಡಿದರೆ ಪ್ರತಿ ಸಲಕ್ಕೂ ಇಪ್ಪತ್ತು ನಿಮಿಷದ ಮೇಲೆ ಹಿಂದಕ್ಕೆ ಬೀಳುತ್ತದೆ.

ಎರಡು ವರ್ಷ ಅದು ಅಟ್ಟದಲ್ಲಿತ್ತು. ಒಂದು ದಿನ ಅದರ ಕಥೆ ಓದಿದೆ. ಇರ್ವಿಂಗ್ ನ್ಯಾಕ್ಸನ್ ಅನ್ನುವವರು ಇದನ್ನು ಮಾಡಿದ್ದು, 1940ರಲ್ಲಿ ಪೇಟೆಂಟ್ ಸಿಕ್ಕಿದ್ದು. 1971ರಲ್ಲಿ ಬೇರೆ ಕಂಪನಿಯ ಕೈಯಲ್ಲಿ ಅದು ಕ್ರಾಕ್‌ಪಾಟ್ ಅನ್ನುವ ಹೆಸರಿನಲ್ಲಿ ಅಂಗಡಿಗೆ ಬಂತು. ನ್ಯಾಕ್ಸನ್ ಅವರದು ಯಹೂದಿ ಮನೆತನ. ಲಿಥುವೇನಿಯಾದ ಊರಿನ ಕಥೆ ಮನೆಯ ಹಿರಿಯರು ಹೇಳುತ್ತಿದ್ದರಂತೆ. ಶನಿವಾರ ಸಬ್ಬತ್, ಒಲೆ ಹಚ್ಚುವ ಹಾಗಿಲ್ಲ. ಹಾಗಾಗಿ ಶುಕ್ರವಾರ ಸಂಜೆಯೇ ಕಾಳು, ಮಾಂಸದ ಗಡಿಗೆಯನ್ನು ಬೇಕರಿಗೆ ಒಯ್ದು, ಆರುತ್ತಿರುವ ಒಲೆಯಲ್ಲಿ ಇಟ್ಟು ಬರುತ್ತಿದ್ದರು. ರಾತ್ರಿಯೆಲ್ಲಾ ಬೆಂದ ಆ ಅಡುಗೆಗೆ ಚೋಲೆಂಟ್ ಅಂತ ಹೆಸರು. ಅದಕ್ಕಾಗಿ ಹುಟ್ಟಿದ ಪಾತ್ರೆ ಇದು.

ಓದುತ್ತಾ ಓದುತ್ತಾ ನನಗೆ ಮಾಗಡಿ ಕಡೆಯ ನಮ್ಮಜ್ಜಿಯ ಒಲೆ ಕಣ್ಣಿಗೆ ಬಂತು. ಅಜ್ಜಿ ರಾತ್ರಿ ಮುದ್ದೆ ತಿರುವಿದ ಮೇಲೆ ಕೆಂಡ ಎಳೆದು, ಹುರುಳಿಕಾಳಿನ ಮಡಕೆಯನ್ನು ಅದರ ಮೇಲೆ ಕೂರಿಸಿ, ಸುತ್ತ ಬೂದಿ ಒತ್ತಿ ಮಲಗುತ್ತಿದ್ದಳು. ಬೆಳಿಗ್ಗೆ ಕಟ್ಟು ಬಸಿದರೆ ಕಂದುಬಣ್ಣದ ಗಟ್ಟಿ ನೀರು, ಬೆರಳಿಗೆ ಅಂಟುವಷ್ಟು. ನಾನು ಇಷ್ಟು ದಿನ ಆ ಪಾತ್ರೆಯಲ್ಲಿ ಅಮ್ಮನ ಅಡುಗೆ ಮಾಡಲು ಹೋಗಿದ್ದೆ. ಅಮ್ಮನದು ಗ್ಯಾಸು, ಕುಕ್ಕರಿನ ಅಡುಗೆ. ಸ್ಲೋ ಕುಕ್ಕರಿನಲ್ಲಿ ಬರುವುದು ಅಜ್ಜಿಯ ಅಡುಗೆ.

ಹುರುಳಿ ಹೀಗೆ ಮಾಡಿ. ರಾತ್ರಿ ನೆನೆಸಿ. ಬೆಳಿಗ್ಗೆ ಹೊಸ ನೀರಲ್ಲಿ ಒಲೆ ಮೇಲೆ ಕಾಲು ಗಂಟೆ ಚೆನ್ನಾಗಿ ಕುದಿಸಿ. ಅದೇ ಬಿಸಿಯಲ್ಲಿ ಸ್ಲೋ ಕುಕ್ಕರಿಗೆ ಸುರಿದು 'ಲೋ'ದಲ್ಲಿ ಎಂಟೊಂಬತ್ತು ಗಂಟೆ ಬಿಡಿ. ಉಪ್ಪು, ಹುಳಿ ಏನೂ ಈಗಲೇ ಬೇಡ. ಸಂಜೆ ಬಂದು ಕಟ್ಟು ಬಸಿಯಿರಿ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಧನಿಯ, ಮೆಣಸಿನಕಾಯಿ, ಒಂದು ಹಿಡಿ ಬೆಂದ ಹುರುಳಿ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ, ಒಲೆ ಮೇಲೆ ಒಂದು ಕುದಿ ಬರಿಸಿ. ಉಪ್ಪು, ಹುಣಸೆರಸ ಕಡೆಗೆ. ಒಗ್ಗರಣೆ ಬೇರೆ ಬಾಣಲೆಯಲ್ಲಿ, ಆಗಲೇ. ಮಾರನೇ ದಿನಕ್ಕೆ ಇನ್ನೂ ರುಚಿ. ಮಟನ್ ಕಾಲು ಸೂಪಿಗೂ ಇದು ಚೆನ್ನ. ಈರುಳ್ಳಿ ಮಸಾಲೆ ಒಲೆ ಮೇಲೆ ಬಾಡಿಸಿಕೊಂಡೇ ಹಾಕಿ, ನೀರು ಅರ್ಧಕ್ಕೆ ಇಳಿಸಿ. ಫ್ರೀಜರಿನಿಂದ ತೆಗೆದ ಮಾಂಸವನ್ನು ಕಲ್ಲಿನ ಹಾಗಿರುವಾಗಲೇ ಹಾಕಬೇಡಿ, ಪೂರ್ತಿ ಕರಗಲಿ. ಕನ್ನಡ ಕೂಟದ ಯುಗಾದಿ, ಸಂಕ್ರಾಂತಿ ಊಟಕ್ಕೆ ಬಿಸಿಬೇಳೆಬಾತನ್ನು ಒಲೆಯಲ್ಲಿ ಮಾಡಿ, ಬಿಸಿಬಿಸಿಯಾಗಿ ಇದಕ್ಕೆ ಸುರಿದು 'ವಾರ್ಮ್'ನಲ್ಲಿ ಇಡಿ. ಎಲ್ಲರೂ ಒಂದೇ ಗೋಡೆಯ ಪ್ಲಗ್ಗಿಗೆ ಚುಚ್ಚಬೇಡಿ, ಕರೆಂಟು ಹೋಗಿ ಇಡೀ ಹಾಲ್ ಕತ್ತಲಾಗುತ್ತದೆ.

ಒಂದು ಸಲ ಊರಿಗೆ ಬರುವಾಗ ಅಮ್ಮನಿಗೂ ಒಂದು ಸ್ಲೋ ಕುಕ್ಕರ್ ತಂದೆ. ಪಿನ್ನಿಗೆ ಅಡಾಪ್ಟರ್ ಹಾಕಿ ಚುಚ್ಚಿದೆ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ, ಆಮೇಲೆ ಟ್ರಿಪ್ ಆಗಿ ಮನೆಯ ಕರೆಂಟೇ ಹೋಯಿತು. ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ವೋಲ್ಟೇಜ್ ಎರಡರಷ್ಟಾದರೆ ಕಾಯಿಲ್ ಬಿಸಿ ನಾಲ್ಕರಷ್ಟಾಗುತ್ತದೆ. ಅಡಾಪ್ಟರ್ ಪಿನ್ನನ್ನು ಬದಲಾಯಿಸುತ್ತದೆ, ವೋಲ್ಟೇಜನ್ನಲ್ಲ. ಅದರ ಪಿಂಗಾಣಿ ಪಾತ್ರೆಯಲ್ಲಿ ಅಮ್ಮ ಈಗ ಹುಣಸೆಹಣ್ಣು ಇಟ್ಟಿದ್ದಾಳೆ. ಇಲ್ಲಿಂದ ಮಿಕ್ಸಿ ಒಯ್ಯುವವರಿಗೂ ಇದೇ ಮಾತು, 110 ವೋಲ್ಟಿನದ್ದೇ ಕೇಳಿ ತಗೊಳ್ಳಿ. ಪ್ರೆಶರ್ ಕುಕ್ಕರಿಗೆ ಕರೆಂಟಿನ ಹಂಗಿಲ್ಲ. ತಳ ಚಪ್ಪಟೆ ಇರುವ 3 ಲೀಟರಿನದು ಒಂದು, ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್. ಚೆಕ್-ಇನ್ ಲಗೇಜಿನಲ್ಲಿ ಹಾಕಿ. ಗುಂಡು ತಳದ ಬಾಣಲೆ, ಒಗ್ಗರಣೆ ಸೌಟು ಆ ಒಲೆಗಳ ಮೇಲೆ ಕೂರುವುದಿಲ್ಲ.

ಮಕ್ಕಳ ವಿಷಯ ಹೇಳದೆ ಮುಗಿಸಲಾರೆ. ಸ್ಲೋ ಕುಕ್ಕರಿನಿಂದ ವಾಸನೆ ಬರುವುದಿಲ್ಲ ಅಂದುಕೊಂಡಿದ್ದೆ. ಕಿಟಕಿ ಮುಚ್ಚಿದ ಮನೆಯಲ್ಲಿ ಎಂಟು ಗಂಟೆ ಮಸಾಲೆ ಬೆಂದರೆ ಗೋಡೆಗೂ ಹತ್ತುತ್ತದೆ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಬಂದು, "ಅಮ್ಮಾ, ನನ್ನ ಜಾಕೆಟ್ ಕಾರಲ್ಲೇ ಇಡ್ತೀನಿ" ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ರಾತ್ರಿ ಆ ಜಾಕೆಟ್ ಮೂಸಿ ನೋಡಿದೆ. ಧನಿಯದ ವಾಸನೆ. ನನಗೆ ಅದು ಮನೆ. ಅವಳಿಗೆ ಅದು ಶಾಲೆಯಲ್ಲಿ ಬಚ್ಚಿಡಬೇಕಾದದ್ದು. ಅವತ್ತಿಂದ ಹುರುಳಿ ಶುಕ್ರವಾರ ರಾತ್ರಿ ಮಾತ್ರ. ಜಾಕೆಟ್‌ಗಳು ಬಾಗಿಲ ಪಕ್ಕದ ಬೀರುವಿನಲ್ಲಿ. ಮಗುವಿಗೆ ನಾಚಿಕೆ ಆಗುತ್ತಿದೆ ಅಂತ ನಾವು ಅಡುಗೆ ನಿಲ್ಲಿಸಬಾರದು, ಮಗುವಿನ ನಾಚಿಕೆಯನ್ನು ತಳ್ಳಿಹಾಕಲೂಬಾರದು. ಎರಡೂ ನಡೆಯುವ ಹಾಗೆ ಮನೆಯಲ್ಲಿ ಜಾಗ ಮಾಡಿಕೊಳ್ಳಿ. ಬೀರು ಮೊದಲ ವರ್ಷವೇ ಕೊಳ್ಳಿ.

ಈ ಸಲ ಬಂದ ಎರಡನೇ ದಿನ, ಅಮ್ಮ ಒಲೆ ಮುಂದೆ ನಿಂತಿದ್ದಳು. ಮಗಳು ಬಾಗಿಲಲ್ಲಿ. ಈಗ ಅವಳಿಗೆ ಒಂಬತ್ತು ವರ್ಷ. ಎಣ್ಣೆ ಕಾದು ಸಾಸಿವೆ ಚಟಪಟ ಅಂತು. ಕರಿಬೇವು ಬಿದ್ದು ಚುಂಯ್ ಅಂತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, "ಅಜ್ಜಿ, ಅದೇನು ಸದ್ದು?" ಅಂದಳು.

ಒಂಬತ್ತು ವರ್ಷದ ಕನ್ನಡದ ಮಗು. ಅಲಾರಂ ಭಯಕ್ಕೆ ನಾನು ಎಣ್ಣೆ ಪೂರ್ತಿ ಕಾಯಲು ಬಿಡುತ್ತಲೇ ಇರಲಿಲ್ಲ. ಅದು ಬಡಿದುಕೊಂಡರೆ ಬಡಿದುಕೊಳ್ಳಲಿ, ಒಂದು ಟವಲ್ ಬೀಸಿದರೆ ನಿಲ್ಲುತ್ತಿತ್ತು. ಒಲೆ ಮೇಲಿನ ಫ್ಯಾನ್ ಹಾಕಿಕೊಂಡು ಮಾಡಬಹುದಿತ್ತು. ಅಮ್ಮ ಏನೂ ಹೇಳಲಿಲ್ಲ. ಮಗಳನ್ನು ಪಕ್ಕಕ್ಕೆ ಕರೆದು, ಒಂದು ಚಮಚ ಎಣ್ಣೆ ಇಟ್ಟು, ಅವಳ ಕೈಯಿಂದಲೇ ನಾಲ್ಕು ಕಾಳು ಸಾಸಿವೆ ಹಾಕಿಸಿದಳು. ಈಗ ದಿನಾ ಕುಕ್ಕರ್ ಕೂಗು ಎಣಿಸುವ ಕೆಲಸವೂ ಅವಳದ್ದೇ. ಮೂರನೇದು ಕೂಗಿದ ತಕ್ಷಣ ನಡುಮನೆಯಿಂದ ಓಡಿಬರುತ್ತಾಳೆ.

ನಾಳೆ ಮಹಡಿಯ ಹುಡುಗಿಯನ್ನು ಕರೆದುಕೊಂಡು ಚಿಕ್ಕಪೇಟೆಯ ಪಾತ್ರೆ ಅಂಗಡಿಗೆ ಹೋಗುತ್ತಿದ್ದೇನೆ. ಅವಳಿಗೊಂದು ಕುಕ್ಕರ್, ತಳ ಚಪ್ಪಟೆ ಇರುವ ಅಂಗೈಯಗಲದ ಬಾಣಲೆ. ಮಗಳೂ ಬರುತ್ತಾಳಂತೆ. ಅವಳಿಗೂ ಅಂಥದ್ದೇ ಒಂದು ಬಾಣಲೆ ಬೇಕಂತೆ.