ಹಾಕಿದ ರ‍್ಯಾಮ್ ಪೂರ್ತಿ ಬಳಕೆಗೆ ಸಿಗದಿದ್ದರೆ: ಡೆಸ್ಕ್‌ಟಾಪ್‌ನಲ್ಲಿ ದೋಷ ಹುಡುಕುವ ಕ್ರಮ

ಎಂಟೆಂಟು ಜಿಬಿಯ ಎರಡು ರ‍್ಯಾಮ್ ಸ್ಟಿಕ್‌ಗಳಿರುವ ಡೆಸ್ಕ್‌ಟಾಪ್‌ನಲ್ಲಿ ಎಂಟೇ ಜಿಬಿ ಬಳಕೆಗೆ ಸಿಗುತ್ತಿದೆ ಎಂದಾಕ್ಷಣ, ಒಂದು ಸ್ಟಿಕ್ ಕೆಟ್ಟುಹೋಗಿದೆಯೆಂದು ತೀರ್ಮಾನಿಸಿ ಹೊಸದನ್ನು ಕೊಳ್ಳುವುದು ದುಡುಕಿನ ಕೆಲಸ. ಸ್ಟಿಕ್ ಸ್ಲಾಟ್‌ನಲ್ಲಿ ಸರಿಯಾಗಿ ಕೂರದಿದ್ದರೂ, ವಿಂಡೋಸ್‌ನ ಒಂದು ಸೆಟ್ಟಿಂಗ್ ತಪ್ಪಿದ್ದರೂ ಇದೇ ಲಕ್ಷಣ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಬೇಕು.

ವಿಂಡೋಸ್ 10 ಅಥವಾ 11ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ‘ಮೆಮೊರಿ’ ಆಯ್ದುಕೊಳ್ಳಿ. ಎಷ್ಟು ಸ್ಲಾಟ್‌ಗಳಲ್ಲಿ ಸ್ಟಿಕ್ ಪತ್ತೆಯಾಗಿದೆ, ‘ಹಾರ್ಡ್‌ವೇರ್ ರಿಸರ್ವ್ಡ್’ ಎಂದು ಎಷ್ಟು ತೆಗೆದಿಡಲಾಗಿದೆ ಎಂಬ ಎರಡು ವಿವರಗಳನ್ನು ಬರೆದಿಟ್ಟುಕೊಳ್ಳಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಕೆಲವು ನೂರು ಎಂಬಿ, ಕೆಲವೊಮ್ಮೆ ಒಂದೆರಡು ಜಿಬಿ ಕೂಡ, ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಮೀಸಲಾಗಿರುವುದು ಸಹಜ. ಅದು ಹೆಚ್ಚೆನಿಸಿದರೆ, ವಿಂಡೋಸ್‌ಗಿಂತ ಮೊದಲೇ ಓಡುವ ಮದರ್‌ಬೋರ್ಡ್‌ನ ಮೂಲ ತಂತ್ರಾಂಶವಾದ ಬಯೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಕಡಿಮೆ ಮಾಡಬಹುದು. ಆದರೆ ಒಂದು ಇಡೀ ಸ್ಟಿಕ್‌ನಷ್ಟು ರ‍್ಯಾಮ್ ಅಲ್ಲಿ ಸಿಕ್ಕಿಕೊಂಡಿದ್ದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಪ್ರತಿ ಸ್ಟಿಕ್‌ನ ಮೇಲೂ ಅದರ ಗಾತ್ರ ಮತ್ತು ವೇಗದ ವಿವರವನ್ನು ಹೊತ್ತ ಪುಟ್ಟ ಚಿಪ್ ಇರುತ್ತದೆ. ಬಯೋಸ್ ಆ ವಿವರವನ್ನು ಬೇರೆಯೇ ಪಿನ್‌ಗಳ ಮೂಲಕ ಓದುವುದರಿಂದ, ಮಾಹಿತಿ ಸಾಗುವ ಪಿನ್‌ಗಳಲ್ಲಿ ಸಂಪರ್ಕ ತಪ್ಪಿದ್ದರೂ ‘16 ಜಿಬಿ ಇದೆ, ಬಳಸಲು 7.9 ಜಿಬಿ’ ಎಂಬ ಗೊಂದಲದ ಸಾಲು ಕಾಣಿಸಬಹುದು. ಹೆಸರು ಕಂಡ ಮಾತ್ರಕ್ಕೆ ಸ್ಟಿಕ್ ಕೆಲಸ ಮಾಡುತ್ತಿದೆ ಎಂದು ನಂಬಬಾರದು.

ಕ್ಯಾಬಿನೆಟ್ ತೆರೆಯುವ ಮೊದಲು ವಿಂಡೋಸ್‌ನ ಕಡೆಯಿಂದ ಎರಡು ಸಂಗತಿಗಳನ್ನು ನೋಡಿಬಿಡಿ. ನಾಲ್ಕು ಜಿಬಿ ಹಾಕಿದಾಗ 3.25 ಜಿಬಿಯ ಆಸುಪಾಸಿನಲ್ಲಿ ನಿಂತಿದ್ದರೆ ಅದು 32-ಬಿಟ್ ವಿಂಡೋಸ್ ಆಗಿರುವ ಸಾಧ್ಯತೆ ಬಹಳ ಹೆಚ್ಚು. ಪ್ರೊಸೆಸರ್ 64-ಬಿಟ್‌ನದಾಗಿದ್ದರೆ, ಕಡತಗಳನ್ನು ಬೇರೆಡೆ ಉಳಿಸಿಕೊಂಡು 64-ಬಿಟ್ ಆವೃತ್ತಿಯನ್ನು ಹೊಸದಾಗಿ ಹಾಕುವುದೇ ಪರಿಹಾರ. ಎರಡನೆಯದಾಗಿ, ವಿಂಡೋಸ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಬರುವ ರನ್ ಪೆಟ್ಟಿಗೆಯಲ್ಲಿ ‘ಎಂಎಸ್‌ಕಾನ್ಫಿಗ್’ (msconfig) ಎಂದು ಬರೆದು ತೆರೆದು, ‘ಬೂಟ್’ ವಿಭಾಗದ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗಿರುವ ‘ಮ್ಯಾಕ್ಸಿಮಮ್ ಮೆಮೊರಿ’ ಚೌಕದಲ್ಲಿ ಟಿಕ್ ಇದ್ದರೆ ತೆಗೆದುಹಾಕಿ. ಆ ಹೆಸರನ್ನು ನೋಡಿ ಪೂರ್ತಿ ರ‍್ಯಾಮ್ ಸಿಗಲೆಂದು ಟಿಕ್ ಹಾಕುವವರಿದ್ದಾರೆ, ಆದರೆ ಆ ಚೌಕದ ಕೆಲಸ ಮಿತಿ ಹೇರುವುದು.

ಇನ್ನು ಕೈಯಿಂದ ಮಾಡಬೇಕಾದ ಕೆಲಸ. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಅನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಒಳಗೆ ಉಳಿದ ವಿದ್ಯುತ್ತನ್ನು ಹೊರಹಾಕಿ, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದ ಮೇಲೆ ಮಾತ್ರ ಸ್ಟಿಕ್‌ಗೆ ಕೈ ಹಾಕಬೇಕು. ಸ್ಲಾಟ್‌ನ ಕ್ಲಿಪ್ ಬಿಡಿಸಿ ಸ್ಟಿಕ್ ಅನ್ನು ನೇರವಾಗಿ ಮೇಲೆತ್ತಿ, ಚಿನ್ನದ ಬಣ್ಣದ ಸಂಪರ್ಕಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ನೂಲು ಬಿಡದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ರಬ್ಬರ್‌ನಿಂದ ಉಜ್ಜುವ ರೂಢಿಯೂ ಇದೆ. ಹಾಗೆ ಮಾಡುವುದಾದರೆ ಬಹಳ ಹಗುರವಾಗಿ ಉಜ್ಜಿ, ರಬ್ಬರಿನ ಪುಡಿ ಸ್ಲಾಟ್‌ಗೆ ಬೀಳದಂತೆ ನೋಡಿಕೊಳ್ಳಿ. ಮರಳಿ ಕೂರಿಸುವಾಗ ಸ್ಟಿಕ್‌ನ ಕಚ್ಚು ಸ್ಲಾಟ್‌ನ ಉಬ್ಬಿಗೆ ಹೊಂದಿದೆಯೇ ಎಂದು ನೋಡಿ, ಎರಡೂ ತುದಿಗಳನ್ನು ಹೆಬ್ಬೆರಳುಗಳಿಂದ ಸಮವಾಗಿ ಒತ್ತಿ. ಕ್ಲಿಪ್ ಟಕ್ಕೆಂದು ತಾನಾಗಿಯೇ ಮುಚ್ಚಿಕೊಳ್ಳಬೇಕು. ಒಂದೇ ಕಡೆ ಕ್ಲಿಪ್ ಇರುವ ಬೋರ್ಡ್‌ಗಳಲ್ಲಿ ಇನ್ನೊಂದು ತುದಿ ಅರೆಬರೆ ಕೂತಿರುವುದು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ನಾಲ್ಕು ಸ್ಲಾಟ್‌ಗಳಿದ್ದು ಸ್ಟಿಕ್ ಎರಡೇ ಇದ್ದರೆ, ಸಾಮಾನ್ಯವಾಗಿ ಪ್ರೊಸೆಸರ್‌ನ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಬಳಸಬೇಕು. ಮದರ್‌ಬೋರ್ಡ್‌ನ ಕೈಪಿಡಿ ಬೇರೆ ಹೇಳಿದ್ದರೆ ಅದರಂತೆಯೇ ಮಾಡಿ.

ಅಷ್ಟಾದರೂ ಸರಿಹೋಗದಿದ್ದರೆ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ. ಒಂದೇ ಸ್ಲಾಟ್‌ನಲ್ಲಿ ಎರಡೂ ಸ್ಟಿಕ್‌ಗಳನ್ನು ಸರದಿಯಂತೆ ಹಾಕಿ ನೋಡಿದರೆ ಸ್ಟಿಕ್‌ನ ದೋಷ, ಸರಿಯಿರುವ ಸ್ಟಿಕ್ ಅನ್ನು ಸ್ಲಾಟ್‌ನಿಂದ ಸ್ಲಾಟ್‌ಗೆ ಬದಲಿಸಿದರೆ ಬೋರ್ಡ್‌ನ ದೋಷ ಹೊರಬೀಳುತ್ತದೆ. ಹೊಸ ಪೀಳಿಗೆಯ ರ‍್ಯಾಮ್ ಆದ ಡಿಡಿಆರ್5 ಇರುವ ಯಂತ್ರಗಳು ರ‍್ಯಾಮ್ ಬದಲಿಸಿದ ನಂತರದ ಮೊದಲ ಚಾಲನೆಯಲ್ಲಿ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಉಳಿಯಬಹುದು, ಗಾಬರಿಯಾಗಿ ಆರಿಸಬೇಡಿ.

ಎರಡೂ ಸ್ಟಿಕ್‌ಗಳು ಚೆನ್ನಾಗಿದ್ದು, ಒಂದು ಬದಿಯ ಸ್ಲಾಟ್‌ಗಳು ಮಾತ್ರ ಸ್ಪಂದಿಸದಿದ್ದರೆ ಪ್ರೊಸೆಸರ್‌ನ ಸಾಕೆಟ್ ಅನ್ನು ಅನುಮಾನಿಸಬೇಕು. ಇಂದಿನ ಯಂತ್ರಗಳಲ್ಲಿ ರ‍್ಯಾಮ್ ನಿಯಂತ್ರಕ ಪ್ರೊಸೆಸರ್‌ನೊಳಗೇ ಇರುವುದರಿಂದ, ಸಾಕೆಟ್‌ನ ಒಂದೇ ಪಿನ್ ಬಾಗಿದ್ದರೂ ಒಂದು ಚಾನೆಲ್, ಅಂದರೆ ಒಂದು ಬದಿಯ ಸ್ಲಾಟ್‌ಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಹಾದಿ, ಪೂರ್ತಿ ಮಾಯವಾಗಬಹುದು. ಕೂಲರ್‌ನ ಸ್ಕ್ರೂಗಳು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದಾಗಲೂ ಹೀಗಾಗುತ್ತದೆ. ಅವನ್ನು ಸಡಿಲಿಸಿ, ಎದುರುಬದುರು ಮೂಲೆಗಳ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ ನೋಡಿ. ಬಾಗಿದ ಪಿನ್ ನೆಟ್ಟಗೆ ಮಾಡುವ ಕೆಲಸವನ್ನು ಅನುಭವಿ ರಿಪೇರಿಯವರಿಗೆ ಬಿಡುವುದು ಒಳ್ಳೆಯದು.

ಹಳೆಯ ಕಚೇರಿ ಕಂಪ್ಯೂಟರ್ ಕೊಂಡು ರ‍್ಯಾಮ್ ಏರಿಸಹೊರಟವರು ಬೋರ್ಡ್‌ನ ಮಿತಿಯನ್ನು ಕೈಪಿಡಿಯಲ್ಲಿ ತಪ್ಪದೇ ನೋಡಬೇಕು. ಇಂಟೆಲ್‌ನ ಎಚ್61 ಚಿಪ್‌ಸೆಟ್ ಇರುವ ಹಳೆಯ ಬೋರ್ಡ್‌ಗಳು 16 ಜಿಬಿಗಿಂತ ಹೆಚ್ಚನ್ನು ಒಪ್ಪುವುದಿಲ್ಲ, ಆ ಮಿತಿಯನ್ನು ಯಾವ ಸೆಟ್ಟಿಂಗೂ ಏರಿಸಲಾರದು. ಸರ್ವರ್‌ಗಳಿಂದ ತೆಗೆದು ಅಗ್ಗಕ್ಕೆ ಮಾರುವ ರಿಜಿಸ್ಟರ್ಡ್ ಸ್ಟಿಕ್‌ಗಳೂ ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ನಡೆಯುವುದಿಲ್ಲ.

ಕೊನೆಗೆ ಒಂದು ಸ್ಟಿಕ್ ಎಲ್ಲ ಸ್ಲಾಟ್‌ಗಳಲ್ಲೂ ಸೋತರೆ ಅದನ್ನು ವಾರಂಟಿಗೆ ಕಳಿಸಿ. ಸ್ಟಿಕ್ ಪತ್ತೆಯಾಗಿಯೂ ಆಗಾಗ ಕೈಕೊಡುತ್ತಿದ್ದರೆ, ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಚಾಲನೆ ಮಾಡಿ ರಾತ್ರಿಯಿಡೀ ಬಿಟ್ಟು, ದೋಷ ತೋರಿಸುವ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ಸ್ಟಿಕ್‌ಗಳ ಒಂದೇ ಸೆಟ್ ಆಗಿ ಕೊಂಡಿದ್ದರೆ ಎರಡನ್ನೂ ಒಟ್ಟಿಗೆ ಕಳಿಸಬೇಕಾಗಬಹುದು. ಅಂಗಡಿಗೆ ಹೋಗುವ ಮುನ್ನ ವಿಚಾರಿಸಿಕೊಳ್ಳಿ.