ಎಂಟು ಬಿಟ್ ಪೆಟ್ಟಿಗೆಯಲ್ಲಿ ಒತ್ತಕ್ಷರ ಮೂಡಿಸಿದ ಬಗೆ: ನನ್ನ ಅನುಭವ

‘ಶಸ್ತ್ರಾಗಾರದ ಬಾಗಿಲು ಮುಚ್ಚಿದೆ’ ಎಂಬ ಸಾಲು ಈಗ ನನ್ನ ಹಳೆಯ ಸಿಆರ್‌ಟಿ ಟಿವಿಯ ಮೇಲೆ, ಕಾರ್ಟ್ರಿಜ್ ಹಾಕುವ ಫ್ಯಾಮಿಕಾಮ್ (ನಿಂಟೆಂಡೋ ಕಂಪನಿಯ ಎಂಟು ಬಿಟ್ ಆಟದ ಯಂತ್ರ) ನಕಲು ಪೆಟ್ಟಿಗೆಯಿಂದ, ‘ಸ್ತ್ರಾ’ದ ಎರಡು ಒತ್ತುಗಳೂ ಸ್ಪಷ್ಟವಾಗಿ ಓದಲು ಬರುವಂತೆ ಮೂಡುತ್ತದೆ. ಕಲಬುರಗಿ ಕೋಟೆಯೊಳಗೆ ನಡೆಯುವ ಪುಟ್ಟ ಸಾಹಸದ ಆಟವೊಂದನ್ನು ಸಂಪೂರ್ಣ ಕನ್ನಡದಲ್ಲಿ ಮಾಡಲು ಹೊರಟಾಗ, ಈ ಯಂತ್ರವನ್ನು ಬಲ್ಲ ಯಾರೂ ಇದು ಆಗುವ ಕೆಲಸವೆಂದು ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಆಟಗಳ ಕಂಪನಿಯಲ್ಲಿರುವ ಗೆಳೆಯ, ಕನ್ನಡಕ್ಕೆ ಅಕ್ಷರ ಜೋಡಿಸುವ ತಂತ್ರಾಂಶವೇ ಬೇಕಾಗುತ್ತದೆ, 2 ಕೆಬಿ ರ‍್ಯಾಮಿನಲ್ಲಿ ಅದನ್ನು ಎಲ್ಲಿ ಕೂರಿಸುತ್ತೀಯ ಎಂದು ಕೇಳಿದ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಟಿವಿ ರಿಪೇರಿ ಮಾಡುವ ಹಿರಿಯರು, ‘ಇದ್ರಾಗ ಎಬಿಸಿಡಿ ಬಿಟ್ಟು ಬ್ಯಾರೇನೂ ಬರಂಗಿಲ್ರಿ, ಸುಮ್ನೆ ರೊಕ್ಕ ಹಾಳ ಮಾಡ್ಕೋಬ್ಯಾಡ್ರಿ’ ಎಂದರು. ಈಗ ಇಬ್ಬರೂ ಆಟವನ್ನು ಆಡಿ ನೋಡಿದ್ದಾರೆ.

8×8 ಪಿಕ್ಸೆಲ್‌ಗಳ ಟೈಲಿನಲ್ಲಿ (ಈ ಯಂತ್ರ ಪರದೆಯನ್ನು ತುಂಬುವ ಪುಟ್ಟ ಚೌಕ) ಒಂದು ಅಕ್ಷರವೆಂಬ ಎಲ್ಲರ ದಾರಿಯಿಂದಲೇ ನಾನೂ ಆರಂಭಿಸಿದೆ. ಒತ್ತಿಲ್ಲದ ಪದಗಳನ್ನು ಹೇಗೋ ಓದಬಹುದಾಗಿತ್ತು, ಆದರೆ ‘ಘ’ ಮತ್ತು ‘ಫ’ ಒಂದೇ ರೀತಿ ಕಂಡವು, ‘ಸ್ತ್ರಾ’ ಬರಿಯ ಚುಕ್ಕೆಗಳ ಗುಂಪಾಯಿತು. ನಂತರ ಹಿಡಿದದ್ದು ಮೂಲಾಕ್ಷರ, ಸ್ವರಚಿಹ್ನೆ, ಒತ್ತು ಮೂರನ್ನೂ ಆಟ ನಡೆಯುತ್ತಿರುವಾಗಲೇ ಪೆಟ್ಟಿಗೆಯೊಳಗೆ ಬೆಸೆಯುವ ದಾರಿ. ಗುಡಿಸು ಬಂದರೆ ತಲಕಟ್ಟನ್ನು ತೆಗೆಯಬೇಕು, ‘ಪ’ ಮತ್ತು ‘ವ’ಗಳಿಗೆ ಕೊಂಬು ಬೇರೆ ಕಡೆ ಕೂರಬೇಕು, ಇಂತಹ ಅಪವಾದಗಳ ಪಟ್ಟಿ ಬೆಳೆಯುತ್ತ ಹೋಗಿ, ಮಾತಿನ ಚೌಕ ತೆರೆದಾಗಲೆಲ್ಲ ಕಾವಲುಗಾರರ ನಡಿಗೆ ತಡವರಿಸತೊಡಗಿತು. ಎಲ್ಲ ಸಂಯುಕ್ತಾಕ್ಷರಗಳನ್ನೂ ಮೊದಲೇ ಬರೆದಿಡೋಣವೆಂದರೆ 34 ವ್ಯಂಜನ, 34 ಒತ್ತು, ಹದಿಮೂರರಷ್ಟು ಸ್ವರರೂಪಗಳ ಗುಣಾಕಾರ ಹದಿನೈದು ಸಾವಿರ ದಾಟುತ್ತದೆ.

ದಾರಿ ತೋರಿಸಿದ್ದು ಜಪಾನಿನ ಹಳೆಯ ಫ್ಯಾಮಿಕಾಮ್ ಆಟಗಳು. ಅವುಗಳಲ್ಲಿ ಅನೇಕ ಆಟಗಳು ಕಾನಾ ಎಂಬ ಜಪಾನಿ ಲಿಪಿಯ ಅಕ್ಷರದ ಮೇಲೆ ಬರುವ ಚಿಕ್ಕ ಗುರುತನ್ನು ಅಕ್ಷರದ ಟೈಲಿನಲ್ಲಿ ತುರುಕದೆ, ಮೇಲಿನ ಸಾಲಿನ ಬೇರೊಂದು ಟೈಲಿನಲ್ಲಿ ಇಡುತ್ತಿದ್ದವು. ನಾನು ಅದನ್ನೇ ಕೆಳಮುಖವಾಗಿ ಮಾಡಿದೆ: ಎರಡು ಟೈಲು ಎತ್ತರ ಅಕ್ಷರಕ್ಕೆ, ಮೂರನೆಯ ಸಾಲು ಒತ್ತಿಗೆ. ಅಗಲವನ್ನು 8 ಪಿಕ್ಸೆಲ್‌ಗಳ ಕಂಬಗಳಲ್ಲಿ ಲೆಕ್ಕ ಹಾಕಿದೆ. ಸಾಮಾನ್ಯ ಅಕ್ಷರಕ್ಕೆ ಎರಡು ಕಂಬ, ‘ಸ್ತ್ರಾ’ದಂತಹವಕ್ಕೆ ಮೂರು, ದೀರ್ಘಕ್ಕೂ ಅರ್ಕಾವತ್ತಿಗೂ ಒಂದೊಂದು ಸ್ವಂತ ಕಂಬ. ತುಣುಕುಗಳನ್ನು ಕೈಯಿಂದಲೇ ಬರೆದೆ, ನೂರಿಪ್ಪತ್ತರ ಆಸುಪಾಸು ಇರಬೇಕು. ಅವುಗಳನ್ನು ಬೆಸೆಯುವ ಕೆಲಸವನ್ನು ಪೆಟ್ಟಿಗೆಯಿಂದ ಕಿತ್ತು ಲ್ಯಾಪ್‌ಟಾಪಿನ ಪೈಥಾನ್ ಸ್ಕ್ರಿಪ್ಟಿಗೆ ವಹಿಸಿದೆ. ಅದು ಕಥೆಯ ಪಠ್ಯವನ್ನು ಓದಿ, ಅದರಲ್ಲಿ ನಿಜವಾಗಿ ಬಳಕೆಯಾದ ಅಕ್ಷರಗಳನ್ನು ಮಾತ್ರ ಸಿದ್ಧಪಡಿಸಿ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡುತ್ತದೆ. ಇಡೀ ಕಥೆಗೆ ನಾಲ್ಕುನೂರಕ್ಕಿಂತ ಕಡಿಮೆ ಅಕ್ಷರಗಳು ಸಾಕಾದವು, ಜಾಗ ಸುಮಾರು 22 ಕೆಬಿ. ಯುಎನ್‌ರಾಮ್ ಎಂಬ 128 ಕೆಬಿಯ ಕಾರ್ಟ್ರಿಜ್ ಬೋರ್ಡಿನಲ್ಲಿ ಅದು ಎರಡು ಬ್ಯಾಂಕುಗಳಿಗೆ (ಮೆಮೊರಿಯ ಭಾಗಗಳಿಗೆ) ಮುಗಿಯಿತು. ಪೆಟ್ಟಿಗೆಗೆ ಕನ್ನಡ ಗೊತ್ತಿರಬೇಕಾಗಿಲ್ಲ, ಸಂಖ್ಯೆ ಗೊತ್ತಿದ್ದರೆ ಸಾಕು. ಗೆಳೆಯನ ಪ್ರಶ್ನೆಗೆ ನನ್ನ ಉತ್ತರ ಇದೇ.

ಸಿಎಚ್‌ಆರ್ ರ‍್ಯಾಮ್ (ಟೈಲುಗಳ ಚಿತ್ರವನ್ನು ಆಟದ ನಡುವೆಯೇ ಬದಲಿಸಬಹುದಾದ ಮೆಮೊರಿ) ಇರುವುದರಿಂದ ಒಂದು ಫ್ರೇಮಿಗೆ (ಪರದೆಯ ಒಂದು ಚಿತ್ರಕ್ಕೆ) ಒಂದು ಅಕ್ಷರದಂತೆ ಟೈಲುಗಳನ್ನು ಬರೆಯುತ್ತೇನೆ. 24 ಕಂಬಗಳ, ಮೂರು ಟೈಲು ಎತ್ತರದ ಎರಡು ಸಾಲಿಗೆ ಹಿನ್ನೆಲೆಯ 256 ಟೈಲುಗಳಲ್ಲಿ 144 ಹಿಡಿಯುತ್ತವೆ, ಉಳಿದ 112ರಲ್ಲಿ ಕೋಟೆಯ ಗೋಡೆ, ಕಂದಕ, ಫಿರಂಗಿ ಎಲ್ಲವೂ ಬರಬೇಕು. ಈ 144ನ್ನು ಅರ್ಧಕ್ಕೆ ಇಳಿಸುವ ಉಪಾಯವೊಂದಿದೆ. ಅದು ಪ್ಯಾಲೆಟ್‌ಗೆ (ಬಣ್ಣಗಳ ಪಟ್ಟಿಗೆ) ಸಂಬಂಧಿಸಿದ್ದು ಎಂದಷ್ಟೇ ಹೇಳುತ್ತೇನೆ. ಮುಂದಿನ ಆಟದಲ್ಲಿ ಬಳಸುವವರೆಗೆ ಅದು ನನ್ನಲ್ಲೇ ಇರಲಿ.

ಅತಿ ಹೆಚ್ಚು ಕಾಡಿದ್ದು ವಿಬ್ಲಾಂಕ್, ಅಂದರೆ ಪರದೆಯ ಒಂದು ಚಿತ್ರ ಮುಗಿದು ಮುಂದಿನದು ಶುರುವಾಗುವ ನಡುವಿನ ಬಿಡುವು. ಟೈಲುಗಳನ್ನು ಬರೆಯಬೇಕಾದದ್ದು ಆ ಬಿಡುವಿನಲ್ಲೇ. ಎಮ್ಯುಲೇಟರನ್ನು (ಪೆಟ್ಟಿಗೆಯನ್ನು ಲ್ಯಾಪ್‌ಟಾಪಿನಲ್ಲಿ ಅನುಕರಿಸುವ ತಂತ್ರಾಂಶ) ಪಾಲ್ ಎಂಬ 50 ಹರ್ಟ್ಸ್ ಟಿವಿ ಪದ್ಧತಿಗೆ ಇಟ್ಟಾಗ ಅಕ್ಷರಗಳು ಅಚ್ಚುಕಟ್ಟಾಗಿ ಬರುತ್ತಿದ್ದವು, ನಿಜವಾದ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಹರಿದುಹೋಗುತ್ತಿದ್ದವು. ನಿಂಟೆಂಡೋದ ಪಾಲ್ ಯಂತ್ರ ವಿಬ್ಲಾಂಕಿನಲ್ಲಿ ಟಿವಿ ಚಿತ್ರದ 70 ಸಾಲು ಮೂಡುವಷ್ಟು ಸಮಯ ಕೊಡುತ್ತದೆ. ನಮ್ಮಲ್ಲಿ ಸಿಗುವ ನಕಲು ಪೆಟ್ಟಿಗೆಗಳು 50 ಹರ್ಟ್ಸ್‌ನಲ್ಲೇ ಓಡಿದರೂ, ಬಿಡುವು ಶುರುವಾಯಿತೆಂದು ತಿಳಿಸುವ ಎನ್‌ಎಮ್‌ಐ ಸಂಕೇತ ತಡವಾಗಿ ಬಂದು ಕೈಗೆ ಸಿಗುವುದು 20 ಸಾಲು ಮಾತ್ರ, ಅಂದರೆ ಪ್ರೊಸೆಸರಿನ 2,270ರಷ್ಟು ಸೈಕಲ್‌ಗಳು. ಅದರಲ್ಲಿ ಐನೂರಕ್ಕೂ ಹೆಚ್ಚು ಸ್ಪ್ರೈಟ್‌ಗಳ (ಚಲಿಸುವ ಚಿತ್ರಗಳ) ಮಾಹಿತಿ ಸಾಗಿಸುವ ಡಿಎಮ್‌ಎಗೇ ಹೋಗುತ್ತವೆ. ಮೆಸೆನ್ ಎಂಬ ಎಮ್ಯುಲೇಟರಿನಲ್ಲಿ ಇಂತಹ ನಕಲು ಪೆಟ್ಟಿಗೆಗಳಿಗಿರುವ ಡೆಂಡಿ ಎಂಬ ಆಯ್ಕೆಯನ್ನು ಇಟ್ಟುಕೊಂಡು, ಬರೆಯುವ ಲೂಪನ್ನು ಪೂರ್ತಿ ಬಿಚ್ಚಿ (ಆದೇಶಗಳನ್ನು ಒಂದರ ಹಿಂದೊಂದು ಸಾಲಾಗಿ ಬರೆದು), ಟೈಲಿನ ಬಿಟ್‌ಪ್ಲೇನ್‌ಗಳಲ್ಲಿ (ಬಣ್ಣ ಸೂಚಿಸುವ ಎರಡು ಪದರಗಳಲ್ಲಿ) ಒಂದನ್ನೇ ಬರೆಯುವಂತೆ ಮಾಡಿದ ಮೇಲೆ ಹರಿಯುವುದು ನಿಂತಿತು. ಕಾಂಪೊಸಿಟ್ ಕೇಬಲಿನಲ್ಲಿ ಒಂದೇ ಪಿಕ್ಸೆಲ್ ದಪ್ಪದ ನಿಲುವು ಗೆರೆ ಬಣ್ಣ ಬಿಡುತ್ತದೆ, ಆದ್ದರಿಂದ ನಿಲುವು ಗೆರೆಗಳೆಲ್ಲ ಎರಡು ಪಿಕ್ಸೆಲ್ ಇರಲಿ.

ಖರ್ಚಿನ ವಿಷಯ. ಗುಜರಿಯಿಂದ ತಂದ ಟಿವಿಗೆ ಐನೂರು, ಪೆಟ್ಟಿಗೆಗೆ ಏಳುನೂರು, ಚಿಪ್ ಬರೆಯುವ ಪ್ರೋಗ್ರಾಮರ್ ಸಾಧನಕ್ಕೆ ಐದು ಸಾವಿರದ ಹತ್ತಿರ. ಆನ್‌ಲೈನಿನಲ್ಲಿ ತರಿಸಿದ ಫ್ಲ್ಯಾಶ್ ಚಿಪ್‌ಗಳಲ್ಲಿ ಅರ್ಧದಷ್ಟು, ಹಳೆಯದರ ಮುದ್ರೆ ಒರೆಸಿ ಹೊಸ ಹೆಸರು ಹಾಕಿದ ಸರಕು. ಎರಡು ಸಾವಿರ ಅಲ್ಲಿಯೇ ಮುಳುಗಿತು, ಮಾರಿದವರು ಹಣ ಹಿಂದಿರುಗಿಸಲಿಲ್ಲ. ನಂತರ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೇ ಖುದ್ದಾಗಿ ತಂದೆ. ಎಲ್ಲ ಸೇರಿ ಹದಿನಾಲ್ಕು ಸಾವಿರದವರೆಗೆ ಹೋಗಿರಬಹುದು. ಈಗ ಒಂದು ಕಾರ್ಟ್ರಿಜ್ ಏಳೆಂಟುನೂರಕ್ಕೆ ಸಿದ್ಧವಾಗುತ್ತದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹಲಗೆ ವಾದ್ಯದ ಪೆಟ್ಟನ್ನು ಡಿಎಮ್‌ಸಿ ಚಾನೆಲ್‌ಗೆ (ದಾಖಲಿಸಿದ ಧ್ವನಿಯನ್ನು ನುಡಿಸುವ ಭಾಗ) ಇಳಿಸಿದೆ. ಒಂದು ಸ್ಯಾಂಪಲ್ಲಿಗೆ 4,081 ಬೈಟ್‌ಗಳ ಮಿತಿ ಇರುವುದರಿಂದ ಅತಿ ಹೆಚ್ಚಿನ ವೇಗದಲ್ಲಿ ಸುಮಾರು ಒಂದು ಸೆಕೆಂಡಿನ ಧ್ವನಿ ಮಾತ್ರ ಸಿಗುತ್ತದೆ, ಆದರೆ ಹಲಗೆಗೆ ಅಷ್ಟು ಧಾರಾಳವಾಯಿತು. ಅನೇಕ ನಕಲು ಚಿಪ್‌ಗಳಲ್ಲಿ ಪಲ್ಸ್ ಚಾನೆಲ್‌ನ (ಸಂಗೀತದ ಸ್ವರ ಹೊರಡಿಸುವ ಭಾಗ) 25 ಮತ್ತು 50 ಪ್ರತಿಶತದ ಡ್ಯೂಟಿಗಳು (ನಾದದ ಬಗೆಗಳು) ಅದಲುಬದಲಾಗಿರುತ್ತವೆ, ಆದ್ದರಿಂದ ಸಂಗೀತವನ್ನು ಪೆಟ್ಟಿಗೆಯಲ್ಲೇ ಕೇಳಿ ಸರಿಪಡಿಸಬೇಕು. ಶೀರ್ಷಿಕೆಯ ಪರದೆಗೆ ಬೀದರಿನ ಬಿದರಿ ಕುಸುರಿಯ ಬಳ್ಳಿಯನ್ನು ಹಾಕಿದ್ದೇನೆ. ಕಪ್ಪು ಲೋಹದ ಮೇಲೆ ಬೆಳ್ಳಿಯ ಗೆರೆ ಈ ಯಂತ್ರದ ಪ್ಯಾಲೆಟ್‌ಗೆ ಎಷ್ಟು ಹೊಂದುತ್ತದೆಯೆಂದರೆ, ಆ ಪರದೆಯಲ್ಲಿ ಮೂರೇ ಬಣ್ಣಗಳಿವೆಯೆಂದು ಯಾರೂ ನಂಬುವುದಿಲ್ಲ.

ಪೆಟ್ಟಿಗೆಯೊಳಗೆ ಬೆಸೆಯುವ ಮೊದಲಿನ ಕೋಡ್ ವ್ಯರ್ಥವಾಗಲಿಲ್ಲ. ಆಟಗಾರರು ತಮ್ಮ ಹೆಸರನ್ನು ಬರೆಯುವ ಪರದೆಯಲ್ಲಿ ಕಾವಲುಗಾರರಿಲ್ಲ, ಅಲ್ಲಿ ನಿಧಾನ ನಡೆಯುತ್ತದೆ. ‘ಲಕ್ಷ್ಮೀ’ ಎಂಬ ಹೆಸರು ಸರಿಯಾಗಿ ಬರುತ್ತದೆ. ಮೂರು ಒತ್ತುಗಳಿರುವ ಅಕ್ಷರಗಳಿಗೆ ಮಾತ್ರ ಇನ್ನೂ ಒಂದು ಕಂಬ ಹೆಚ್ಚು ಬೇಕಾಗಿದೆ, ಅದರ ಕೆಲಸ ನಡೆದಿದೆ.